ಮಾದೇವಿಯ ಹತ್ತು ನಿಮಿಷ

ನನ್ನ ಎಡಗೈಯ ಬಳೆಗಳಲ್ಲಿ ಯಾವಾಗ ನೋಡಿದರೂ ಐದಾರು ಪಿನ್ನುಗಳು ನೇತಾಡುತ್ತಿರುತ್ತವೆ. ಸೆರಗಿಗೆ ಒಂದು, ಕಿತ್ತುಹೋಗುವ ಚಪ್ಪಲಿಗೆ ಒಂದು, ಬಸ್ಸಿನಲ್ಲಿ ಮೈಮೇಲೆ ವಾಲುವ ಗಂಡಸರಿಗೆ ಒಂದು, ಉಳಿದವು ಊರವರಿಗೆ. ನಮ್ಮ ವಿಮಾ ಕಚೇರಿಯ ಹುಡುಗಿಯರು ಇದನ್ನು ನೋಡಿ ಬಾಯಿ ಮುಚ್ಚಿಕೊಂಡು ನಗುತ್ತಾರೆ. ನಗಲಿ. ಕುರ್ತಾದ ಗುಂಡಿ ಹಾರಿದ ದಿನ ಅವರು ಓಡಿ ಬರುವುದು ನನ್ನ ಮೇಜಿಗೇ.

ಈ ಪಿನ್ನುಗಳಿಂದ ನಾನು ತಲೆ ತಗ್ಗಿಸಿದ್ದು ಒಂದೇ ಸಲ, ವೇಲಚೇರಿಯ ಒಂದು ಗಾಜಿನ ಕಟ್ಟಡದ ಬಾಗಿಲಲ್ಲಿ. ಒಳಗೆ ಕಾಲಿಡುತ್ತಿದ್ದಂತೆ ಅಲ್ಲಿನ ಯಂತ್ರ ಕುಂಯ್ ಎಂದು ಅತ್ತಿತು. ಕಾವಲಿನವನು ನನ್ನ ಕೈಚೀಲ ತಡಕಿದ, ಊಟದ ಡಬ್ಬಿ ಬಿಚ್ಚಿಸಿದ, ಕೊನೆಗೆ ಬಳೆ ನೋಡಿ, “ಎನ್ನಮ್ಮಾ, ಪಿನ್ ಕಡೈಯೇ ವೆಚ್ಚಿರುಕ್ಕೀಂಗಳೇ!” ಅಂದ. ಪಿನ್ನಿನ ಅಂಗಡಿಯನ್ನೇ ಇಟ್ಟುಕೊಂಡಿದ್ದೀರಲ್ಲ ಎಂದು. ಹಿಂದೆ ಸಾಲಿನಲ್ಲಿ ನಿಂತಿದ್ದ ಮಕ್ಕಳು ನಕ್ಕರು. ನಾನೂ ನಕ್ಕೆ. ಐವತ್ತೇಳರ ವಯಸ್ಸಿನಲ್ಲಿ ನಗುವುದು ಬಿಟ್ಟರೆ ಬೇರೆ ದಾರಿ ಇರುವುದಿಲ್ಲ.

ಅಲ್ಲಿಗೆ ಹೋದದ್ದು ಒಂದು ಸಭೆಗೆ. ಮದರಾಸಿನ ಓಟದ ಕ್ಲಬ್ಬುಗಳ ನಡುವೆ ವರ್ಷಕ್ಕೊಂದು ಸಲ ರಸ್ತೆ ಓಟ ನಡೆಯುತ್ತದೆ. ಮರೀನಾದ ಪಕ್ಕದ ರಸ್ತೆಯಲ್ಲಿ ಐದು ಕಿಲೋಮೀಟರು ಹೋಗುವುದು, ಐದು ಕಿಲೋಮೀಟರು ಬರುವುದು. ಯಾವ ಕ್ಲಬ್ಬಿನವರು ಎಷ್ಟನೆಯವರಾಗಿ ಬಂದರು ಎಂದು ಕೂಡಿ, ಕಡಿಮೆ ಮೊತ್ತ ಬಂದ ಕ್ಲಬ್ಬಿಗೆ ಬೆಳ್ಳಿ ಬಣ್ಣದ ಒಂದು ಕಪ್ಪು. ಈಗ ಈ ಓಟ ವೇಲಚೇರಿ, ತೊರೈಪಾಕ್ಕಂ ಕಡೆಯ ಅಪಾರ್ಟ್‌ಮೆಂಟಿನ ಮಕ್ಕಳ ಕೈಯಲ್ಲಿದೆ. ಅವರಿಗೆ ಒಂದು ನೆನಪಿನ ಸಂಚಿಕೆ ತರುವ ಆಸೆ, ಅದರಲ್ಲಿ ಚರಿತ್ರೆ ಇರಬೇಕೆಂಬ ಆಸೆ. ಚರಿತ್ರೆ ಯಾರ ಹತ್ತಿರ ಇದೆ ಎಂದು ಹುಡುಕಿಕೊಂಡು ಬಂದರೆ ಸಿಕ್ಕವಳು ನಾನು. ಏಕೆಂದರೆ ಹಳೆಯ ಓಟಗಳ ಫಲಿತಾಂಶ ಬರೆದ ಹದಿನಾಲ್ಕು ನೋಟ್ ಬುಕ್ಕುಗಳು ನಮ್ಮ ಮನೆಯ ಟ್ರಂಕಿನಲ್ಲಿ ಇದ್ದವು. ಬರೆದವಳೂ ನಾನೇ.

ಕಾರ್ಯದರ್ಶಿ ನಿಖಿಲ್ ಮೈಸೂರಿನವನು, ಕಂಪ್ಯೂಟರ್ ಕೆಲಸ, ಮೂವತ್ತರ ಆಸುಪಾಸು. ಕನ್ನಡ ಕೇಳಿದ ಸಂತೋಷಕ್ಕೆ ಎದ್ದು ಬಂದು ಕೈ ಹಿಡಿದುಕೊಂಡ. “ಆಂಟಿ, ನೀವೇ ನಮ್ಮ ಹಿಸ್ಟರಿ” ಅಂದ. ಬದುಕಿರುವವರಿಗೆ ಹೇಳುವ ಮಾತಲ್ಲ, ಆದರೂ ನಾನು ಉಬ್ಬಿಹೋದೆ. ನೋಟ್ ಬುಕ್ಕುಗಳನ್ನು ಮೇಜಿನ ಮೇಲೆ ಇಟ್ಟಾಗ ಅವನು ಒಂದೊಂದೇ ತೆಗೆದು, “ಅಬ್ಬಾ, ಏನ್ ಹ್ಯಾಂಡ್‌ರೈಟಿಂಗ್ ಆಂಟಿ! ಒಂದು ಚಿತ್ತಿಲ್ಲ, ಕಾಟಿಲ್ಲ!” ಅಂದ. ಅದಕ್ಕಂತೂ ಇನ್ನೂ ಉಬ್ಬಿದೆ. ಆ ಅಕ್ಷರವೇ ನನ್ನ ಗೆಳತಿ ಮಾದೇವಿಯ ಹೆಸರಿಗೆ ಮಣ್ಣು ಹಾಕುತ್ತದೆ ಎಂದು ಆಗ ಗೊತ್ತಿರಲಿಲ್ಲ.

ಅಕ್ಷರದ ಬಗ್ಗೆ ನನಗೆ ಜಂಭ ಇದೆ, ಮುಚ್ಚಿಡುವುದಿಲ್ಲ. ಅಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿ ಖಲಾಸಿ. ಕೊಳ್ಳೇಗಾಲದ ಕಡೆಯಿಂದ ಬಂದವರು. ಸಂಬಳದ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಿ, ಆ ಮಸಿಯನ್ನು ಮನೆಗೆ ಬರುವವರೆಗೂ ಒರೆಸಿಕೊಳ್ಳದೆ ಬಂದು, ನನ್ನ ಮುಂದೆ ಬೆರಳು ಚಾಚಿ, “ನೋಡವ್ವ, ಇದಾಗಬಾರದು ನಿನಗೆ” ಅನ್ನುತ್ತಿದ್ದರು. ಆಗಲಿಲ್ಲ. ಹಗಲು ಒಂದು ಔಷಧಿ ಅಂಗಡಿಯಲ್ಲಿ ಚೀಟಿ ಬರೆದು, ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿದೆ. ನಮ್ಮ ಎರಡೂ ಕಡೆಯ ವಂಶದಲ್ಲಿ ಡಿಗ್ರಿ ಕಂಡ ಮೊದಲ ತಲೆ ನನ್ನದು. ರೈಲ್ವೆ ಕ್ವಾರ್ಟರ್ಸಿನಲ್ಲಿ ನನ್ನ ಹೆಸರು ಪುಷ್ಪ ಆಗಿರಲಿಲ್ಲ, ‘ಬಿ.ಕಾಂ. ಪುಷ್ಪ’ ಆಗಿತ್ತು. ಹಾಲಿನವನೂ ಹಾಗೇ ಕರೆಯುತ್ತಿದ್ದ. ಅದೇ ಕ್ವಾರ್ಟರ್ಸಿನಲ್ಲಿ ಇನ್ನೊಬ್ಬಳು ಪುಷ್ಪ ಇದ್ದಳು, ಪಾಪ, ಅವಳು ‘ಬರೀ ಪುಷ್ಪ’.

ಆಗಿನ ಕ್ಲಬ್ಬು ಅಂದರೆ ಈಗಿನ ಹಾಗೆ ಬಣ್ಣದ ಬನಿಯನ್ನು, ಇಂಗ್ಲಿಷಿನಲ್ಲಿ ಹುಲಿ ಸಿಂಹದ ಹೆಸರು ಅಂದುಕೊಳ್ಳಬೇಡಿ. ತ್ರಿಪ್ಲಿಕೇನಿನ ಲಾಡ್ಜುಗಳಲ್ಲಿ ಇರುತ್ತಿದ್ದ ಬ್ರಹ್ಮಚಾರಿಗಳದ್ದು ಒಂದು ಕ್ಲಬ್ಬು. ಒಂದೇ ಮೆಸ್ಸಿನಲ್ಲಿ ಉಣ್ಣುವವರು, ಅದಕ್ಕೇ ಮೆಸ್ ಟೀಮು. ಬೆಳಿಗ್ಗೆ ಓಡಿ ಕೊನೆಯವನಾಗಿ ಬಂದವನಿಗೆ ಪೊಂಗಲ್ ಮುಗಿದುಹೋಗಿರುತ್ತಿತ್ತು. ಅವರ ತರಬೇತಿ ಅಂದರೆ ಅಷ್ಟೇ. ಆದರೂ ನಾಲ್ಕೈದು ಸಲ ಕಪ್ಪು ಗೆದ್ದರು. ನಮ್ಮ ರೈಲ್ವೆಯವರದು ಒಂದು. ನಮ್ಮವರು ಚೆನ್ನಾಗಿ ಓಡುತ್ತಿದ್ದರು, ಆದರೆ ಓಟದ ದಿನವೇ ಯಾರಿಗಾದರೂ ಡ್ಯೂಟಿ ಬೀಳುತ್ತಿತ್ತು. ಮಾಧವರಂನ ಹಾಲಿನ ಡೈರಿಯ ಕೆಲಸಗಾರರದು ಮೂರನೆಯದು. ಬೆಳಗಿನ ಜಾವದ ಪಾಳಿ ಮುಗಿಸಿ ಹಾಗೇ ಬಂದು ಓಡುವವರು. ಪಕ್ಕದಲ್ಲಿ ಓಡಿದರೆ ಹಸಿ ಹಾಲಿನ ವಾಸನೆ. ಕೊನೆಗೆ ಎಲ್ಲ ಕ್ಲಬ್ಬಿನವರಿಗೂ ದೊಡ್ಡ ಕ್ಯಾನಿನಲ್ಲಿ ಮಜ್ಜಿಗೆ ಕೊಡುತ್ತಿದ್ದವರು ಅವರೇ. ಗೆದ್ದವರಿಗೂ ಸೋತವರಿಗೂ ಅದೇ ಲೋಟ.

ಇವರನ್ನೆಲ್ಲ ಕಟ್ಟಿ ನಡೆಸುತ್ತಿದ್ದವರು ದೊರೈ ಸಾರ್. ಶಾಲೆಯಲ್ಲಿ ಡ್ರಿಲ್ ಮೇಷ್ಟ್ರು. ಓಟಕ್ಕೆ ಇದ್ದದ್ದು ಒಂದೇ ಸ್ಟಾಪ್‌ವಾಚು, ಅದು ಅವರದು. ಕಪ್ಪು ದಾರದಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಂಡಿರುತ್ತಿದ್ದರು. ಅದನ್ನು ಇನ್ನೊಬ್ಬರ ಕೈಗೆ ಕೊಟ್ಟದ್ದನ್ನು ಯಾರೂ ನೋಡಿಲ್ಲ.

ಹೆಂಗಸರೂ ಓಡಲಿ ಎಂದು ತೀರ್ಮಾನವಾದದ್ದು ನಾನು ಕಾಲೇಜಿನ ಎರಡನೇ ವರ್ಷದಲ್ಲಿದ್ದಾಗ. ಕ್ಲಬ್ಬಿಗೆ ಮೂವರು ಹೆಂಗಸರು ಗುರಿ ಮುಟ್ಟಿದರೆ ಮಾತ್ರ ಟೀಮು ಲೆಕ್ಕಕ್ಕೆ. ನಮ್ಮ ಕ್ವಾರ್ಟರ್ಸಿನಲ್ಲಿ ಇಬ್ಬರು ಸಿಕ್ಕಿದ್ದರು. ಮೂರನೆಯವಳಾಗಿ ನನ್ನನ್ನು ಎಳೆದುಕೊಂಡು ಹೋದರು. ಅಲ್ಲಿಯವರೆಗೆ ನಾನು ಓಡಿದ್ದು ಬಸ್ಸಿನ ಹಿಂದೆ ಮಾತ್ರ, ಅದೂ ಸಿಕ್ಕಿರಲಿಲ್ಲ. ಗಂಡಸರಿಗೆ ನಂಬರಿನ ಬಟ್ಟೆಯ ಜೊತೆ ನಾಲ್ಕು ಪಿನ್ನು ಕೊಟ್ಟರು. ನಮಗೆ ಬರೀ ಬಟ್ಟೆ. ಕೇಳಿದರೆ, “ಅದು ನಿಮ್ಮ ಕೈಯಲ್ಲೇ ಇರುತ್ತಲ್ಲಮ್ಮ” ಅಂದರು. ಇತ್ತು, ನಿಜ. ಹದಿಮೂರು ಜನ ಹೆಂಗಸರು ಒಬ್ಬರ ಬಳೆಯಿಂದ ಒಬ್ಬರು ಬಿಚ್ಚಿ ಹಂಚಿಕೊಂಡೆವು. ಬಳೆಯಲ್ಲಿ ಪಿನ್ನು ಹೆಚ್ಚಾಗಿ ಇಟ್ಟುಕೊಳ್ಳುವ ಚಾಳಿ ನನಗೆ ಅಂಟಿದ್ದು ಅಲ್ಲೇ.

ಆ ದಿನ ದೊರೈ ಸಾರ್ ಒಂದು ಕಟ್ಟಳೆ ಹಾಕಿದರು. ಗಂಡಸರು ಮೊದಲು ಹೊರಡಬೇಕು. ಹತ್ತು ನಿಮಿಷ ಆದಮೇಲೆ ಹೆಂಗಸರು. ಗಂಡಸರ ಕಾಲಿಗೆ ಅಡ್ಡ ಸಿಗಬಾರದು ಎಂದು. ವಾಚು ಒಂದೇ ಆದ್ದರಿಂದ ಅದು ಗಂಡಸರ ಜೊತೆ ಹೊರಟದ್ದು ನಿಲ್ಲುವ ಹಾಗಿಲ್ಲ. ಹೆಂಗಸರು ಗುರಿ ಮುಟ್ಟಿದಾಗಲೂ ವಾಚಿನಲ್ಲಿ ಏನಿದೆಯೋ ಅದನ್ನು ಕೂಗುವುದು. ಹತ್ತು ಕಳೆಯುವುದು ಆಮೇಲೆ.

ಗಂಡಸರು ಧೂಳೆಬ್ಬಿಸಿಕೊಂಡು ಹೋದಮೇಲೆ ನಾವು ಹದಿಮೂರು ಜನ ಆ ಅಗಲವಾದ ರಸ್ತೆಯಲ್ಲಿ ಗೆರೆಯ ಹಿಂದೆ ನಿಂತೆವು. ಇನ್ನೂ ಪೂರ್ತಿ ಬೆಳಕಾಗಿರಲಿಲ್ಲ. ಬಿಸಿ ಮಾಡಿಕೊಂಡಿದ್ದ ಕಾಲು ತಣ್ಣಗಾಗುತ್ತಿತ್ತು. ವಾಕಿಂಗ್ ಬಂದ ಮುದುಕರು ನಿಂತು ನಮ್ಮನ್ನು ನೋಡುತ್ತಿದ್ದರು. ಒಬ್ಬರು ಹತ್ತಿರ ಬಂದು, ಇದು ಯಾವ ಬೇಡಿಕೆಯ ಮೆರವಣಿಗೆ ಎಂದು ವಿಚಾರಿಸಿದರು.

“ನೀರು ಬತ್ತಾ ಇಲ್ಲ ನಮ್ ಬೀದಿಗೆ, ಅದ್ಕೇ” ಅಂದಳು ನನ್ನ ಪಕ್ಕದಲ್ಲಿದ್ದವಳು. ಮುದುಕರು ತಲೆಯಾಡಿಸಿ ಹೋದರು.

ಅವಳೇ ಮಾದೇವಿ. ಅವಳ ಅಪ್ಪನೂ ನಮ್ಮ ಅಪ್ಪನೂ ಒಂದೇ ಊರಿನವರು. ಇವರು ರೈಲ್ವೆಗೆ ಬಂದರೆ ಅವರು ಮಾಧವರಂಗೆ ಹೋಗಿ ಎಮ್ಮೆ ಕಟ್ಟಿದರು. ಮಾದೇವಿ ಡೈರಿಯಲ್ಲಿ ಪ್ಯಾಕೆಟ್ಟು ಕಟ್ಟುವ ಕೆಲಸಕ್ಕೆ ಸೇರಿದ್ದಳು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಅವತ್ತು ಅಣ್ಣನ ಖಾಕಿ ಪ್ಯಾಂಟನ್ನು ಮೊಣಕಾಲಿಗೆ ಕತ್ತರಿಸಿ ಹಾಕಿಕೊಂಡು, ಮೇಲೆ ಅಣ್ಣನದೇ ಅಂಗಿ, ಕಾಲಲ್ಲಿ ಏನೂ ಇಲ್ಲ. ಸೀಟಿ ಊದಿದಾಗ ಅವಳು ಹೋದದ್ದನ್ನು ನಾನು ಸರಿಯಾಗಿ ನೋಡಲೇ ಇಲ್ಲ. ನನ್ನ ಪಕ್ಕದಲ್ಲಿ ಜಾಗ ಖಾಲಿಯಾಗಿದ್ದು ಮಾತ್ರ ಗೊತ್ತಾಯಿತು.

ನನ್ನ ಓಟದ ವಿಷಯ ಹೆಚ್ಚು ಹೇಳುವುದಿಲ್ಲ. ನಾನು ಹಿಂತಿರುಗಿ ಬರುವಷ್ಟರಲ್ಲಿ ಪೊಲೀಸಿನವರು ಅಡ್ಡಗಟ್ಟಿದ್ದ ಹಗ್ಗ ಬಿಚ್ಚಿ ಬಸ್ಸು ಬಿಟ್ಟಿದ್ದರು. ಒಂದು ಬಸ್ಸಿನ ಡ್ರೈವರು ನಾನು ಬಸ್ಸಿಗೆ ಓಡಿ ಬರುತ್ತಿದ್ದೇನೆ ಅಂದುಕೊಂಡು ದಯೆಯಿಂದ ನಿಲ್ಲಿಸಿದ. ಜನ್ಮದಲ್ಲಿ ಮೊದಲ ಸಲ ನನಗಾಗಿ ಬಸ್ಸು ನಿಂತಿತ್ತು, ಹತ್ತುವ ಹಾಗಿರಲಿಲ್ಲ. ಗುರಿಯಲ್ಲಿ ಮಾದೇವಿ ಮಜ್ಜಿಗೆ ಲೋಟ ಹಿಡಿದು ನಿಂತಿದ್ದಳು. “ಬಾಡೀ ಬಾ, ನಾ ಇನ್ನೊಂದ್ ಕಿತ ಓಡಿ ಬರಾಕಾಯ್ತಿತ್ತು” ಅಂದಳು. ನಾವು ಗೆಳತಿಯರಾದದ್ದು ಆ ಲೋಟದಿಂದ.

ಮುಂದಿನ ವರ್ಷ ದೊರೈ ಸಾರ್ ನನ್ನನ್ನು ಕರೆದು, “ನಿನಗೆ ಓಟ ಬೇಡ ತಾಯಿ. ಓದಿದ ಹುಡುಗಿ, ಮೇಜಿನಲ್ಲಿ ಕೂತು ಬರಿ” ಅಂದರು. ಅವರು ಹೇಳಿದ್ದು ತಮಿಳಿನಲ್ಲಿ. ನನಗೆ ಅದು ಕನ್ನಡದಲ್ಲೇ ಕೇಳಿಸಿತು, ಅಪ್ಪನ ದನಿಯಲ್ಲಿ. ಅವರು ವಾಚು ನೋಡಿ ಕೂಗುವವರು, ನಾನು ನಂಬರಿನ ಮುಂದೆ ಹೊತ್ತು ಬರೆಯುವವಳು. “ಮೇಜಿನ ಹತ್ತಿರ ಲೆಕ್ಕ ಮಾಡಬಾರದು. ಕಿವಿಗೆ ಬಿದ್ದದ್ದು ಕೈಗೆ ಬರಬೇಕು” ಎಂಬುದು ಅವರ ಪಾಠ. ಹಾಗೇ ಬರೆದೆ. ಹದಿನಾಲ್ಕು ವರ್ಷ. ಹೆಂಗಸರ ಪುಟದಲ್ಲಿ ಮೇಲೆ ಒಂದು ಸಾಲು, ‘ಇದರಲ್ಲಿ ಹತ್ತು ನಿಮಿಷ ಕಳೆಯಬೇಕು’ ಎಂದು ಬರೆಯಬಹುದಿತ್ತು. ಬರೆಯಲಿಲ್ಲ. ಮರೆತು ಅಲ್ಲ. ಮೊದಲ ವರ್ಷವೇ ಬರೆಯಲೋ ಬೇಡವೋ ಎಂದು ಪೆನ್ನು ಹಿಡಿದು ಯೋಚಿಸಿದ್ದು ನೆನಪಿದೆ. ಎಲ್ಲರಿಗೂ ಗೊತ್ತಿರುವುದನ್ನು ಬರೆಯುವವರು ಹೆಡ್ಡರು ಅನ್ನಿಸಿತು. ಪುಟದ ನೆತ್ತಿಯಲ್ಲಿ ಅದೊಂದು ಸಾಲು ಅಸಹ್ಯವಾಗಿ ಕಾಣುತ್ತದೆ ಅಂತಲೂ ಅನ್ನಿಸಿತು. ಬಿ.ಕಾಂ. ಪುಷ್ಪಳ ಪುಟ ಅಲ್ಲವೇ, ಶುಭ್ರವಾಗಿರಬೇಕಲ್ಲ.

ನಾನು ಮೇಜಿಗೆ ಬಂದಮೇಲೂ ಮಾದೇವಿ ಆರು ವರ್ಷ ಓಡಿದಳು, ಆರೂ ವರ್ಷ ಮೊದಲು ಬಂದಳು. ಅವಳ ಕೊನೆಯ ಓಟದ ದಿನ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಮದುವೆಯಾಗಿತ್ತು. ಗಂಡನಿಗೆ ತಿಳಿಸದೆ, ಎರಡು ಪಾಳಿ ಇದೆ ಎಂದು ಸುಳ್ಳು ಹೇಳಿ ಬಂದಿದ್ದಳು. ತಾಳಿಯನ್ನು ಅಂಗಿಯ ಒಳಗೆ ಹಾಕಿ, ನನ್ನ ಪಿನ್ನಿನಿಂದಲೇ ಚುಚ್ಚಿಕೊಂಡಳು. ಹತ್ತು ನಿಮಿಷ ಮುಂಚೆ ಹೊರಟ ಗಂಡಸರಲ್ಲಿ ನಡುವೆ ಓಡುತ್ತಿದ್ದವರನ್ನು ಹಿಂದೆ ಹಾಕಿಕೊಂಡು ಬಂದಳು. ದೊರೈ ಸಾರ್ ಕೂಗಿದರು, “ನಲವತ್ತೆಂಟು, ಹನ್ನೆರಡು!” ಕೂಗಿ ವಾಚನ್ನು ಇನ್ನೊಂದು ಸಲ ನೋಡಿದರು. ಆಮೇಲೆ ನನ್ನ ಕಡೆ ಬಗ್ಗಿ, “ಮೂವತ್ತೆಂಟು ತಾಯಿ, ಮೂವತ್ತೆಂಟು ಹನ್ನೆರಡು. ಈ ರಸ್ತೆಯಲ್ಲಿ ಇನ್ನೊಬ್ಬ ಹೆಂಗಸು ಇದನ್ನು ಮಾಡುವುದನ್ನು ನೋಡಲು ನಾನು ಇರುವುದಿಲ್ಲ” ಅಂದರು. ನಾನು ಬರೆದದ್ದು ನಲವತ್ತೆಂಟು ಹನ್ನೆರಡು. ದುಂಡಗೆ ಬರೆದೆ.

ಮಾದೇವಿ ಏದುಸಿರು ಬಿಡುತ್ತ ಮೇಜಿನ ಮೇಲೆ ಎರಡೂ ಕೈ ಊರಿ, “ಬರ್ಕಂಡ್ಯಾ?” ಅಂದಳು.

“ಬರ್ಕೊಂಡೆ.”

“ಸರಿ ಬುಡು. ಇನ್ನ ಅಳ್ಸಾಕ್ ಯಾರ್ ಕೈಲೂ ಆಗಾಕಿಲ್ಲ.”

ಆ ವರ್ಷವೇ ಗಂಡನಿಗೆ ಗೊತ್ತಾಯಿತು. ಅವಳು ಮತ್ತೆ ಬರಲಿಲ್ಲ. ಕೆಲವು ವರ್ಷಗಳಾದ ಮೇಲೆ ಗಂಡ ತೀರಿಕೊಂಡ, ಅಷ್ಟರಲ್ಲಿ ಅವಳ ಕಾಲೂ ಬಿದ್ದುಹೋಗಿತ್ತು. ದೊರೈ ಸಾರೂ ತೀರಿಹೋದರು. ಓಟ ಕೆಲವು ವರ್ಷ ನಿಂತು, ಆಮೇಲೆ ಹೊಸಬರ ಕೈಗೆ ಬಂದು, ಷೂಗೆ ಕಟ್ಟಿದರೆ ತಾನೇ ಹೊತ್ತು ಲೆಕ್ಕ ಹಾಕುವ ಚಿಪ್ಪು ಬಂತು. ಈಗ ಹೆಂಗಸರು ಗಂಡಸರು ಒಟ್ಟಿಗೇ ಹೊರಡುತ್ತಾರೆ. ಒಳ್ಳೆಯದೇ ಆಯಿತು. ಆದರೆ ಒಂದು ಕಾಲಕ್ಕೆ ಹಾಗಿರಲಿಲ್ಲ ಎಂಬುದು ಆ ಮಕ್ಕಳಿಗೆ ಕನಸಿನಲ್ಲೂ ಹೊಳೆಯಲಿಲ್ಲ.

ನಾನು ಚರಿತ್ರೆ ಬರೆದುಕೊಟ್ಟೆ. ಹನ್ನೆರಡು ಪುಟ. ಮೆಸ್ ಟೀಮಿನ ಪೊಂಗಲ್ಲು, ಡೈರಿಯ ಮಜ್ಜಿಗೆ ಎಲ್ಲ ಬರೆದೆ. ಅಂಕಿಗಳನ್ನು ನೋಟ್ ಬುಕ್ಕಿನಿಂದ ಅವರೇ ಕಂಪ್ಯೂಟರಿಗೆ ಹಾಕಿಕೊಂಡರು. ಸಂಚಿಕೆಗಿಂತ ಮುಂಚೆ ಅವು ಇಂಟರ್‌ನೆಟ್ಟಿನಲ್ಲಿ ಬಂದವು. ನಾನು ನೋಡಲಿಲ್ಲ, ನನ್ನ ಪುಟಗಳ ಅಚ್ಚಿನ ತಪ್ಪು ಹುಡುಕುವುದರಲ್ಲಿ ಮುಳುಗಿದ್ದೆ. ನೋಡಿದವಳು ಮಾದೇವಿಯ ಮೊಮ್ಮಗಳು ನಿವೇದಿತಾ, ಹತ್ತು ವರ್ಷದವಳು. ಶಾಲೆಯಲ್ಲಿ ಓಡುತ್ತಾಳೆ. ಅಜ್ಜಿ ಹೇಳಿದ ಕನ್ನಡವೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ.

ಮಾದೇವಿಯ ಫೋನು ಬಂತು. ಮಾಮೂಲಿನ ‘ಏನ್ಡೀ’ ಇರಲಿಲ್ಲ.

“ಪುಷ್ಪ, ನೀನು ಅವತ್ತು ಏನ್ ಬರ್ಕಂಡೆ?”

“ಯಾವತ್ತು?”

“ನಾ ಓಡಿದ್ದು. ಈ ಮಗ ಫೋನ್ನಾಗೆ ನೋಡ್ಬುಟ್ಟು ನಗ್ತಾಳೆ ಕಣೆ. ‘ನಾಪ್ಪತ್ತೆಟ್ಟು ನಿಮಿಷಮಾ ಪಾಟ್ಟಿ? ಎಂಗ ಪಿ.ಟಿ. ಮಿಸ್ಸೇ ಇದೈವಿಡ ಫಾಸ್ಟು’ ಅಂತಾಳೆ. ನಲ್ವತ್ತೆಂಟು ನಿಮಿಷವಂತೆ, ಅವ್ಳ ಪಿ.ಟಿ. ಮಿಸ್ಸೇ ನನ್ಗಿಂತ ಜೋರಾಗ್ ಓಡ್ತಾಳಂತೆ. ನಾನು ಈ ಮಗೀಗೆ ಹುಟ್ಟಿದಾಗಿಂದ ಹೇಳ್ಕಂಡ್ ಬಂದಿವ್ನಿ, ಈ ಊರಾಗೆ ನನ್ ಮೀರ್ಸ್ದೋರಿಲ್ಲ ಅಂತ. ಈಗ ಅವ್ಳ ಸ್ಕೂಲ್ ಮಕ್ಳಿಗೆಲ್ಲ ತೋರ್ಸವ್ಳಂತೆ, ಅವ್ರೂ ನಗ್ತಾವಂತೆ. ನೀನು ಓದ್ದೋಳು. ಬಂದು ಸರಿ ಮಾಡು.”

ಫೋನು ಇಟ್ಟು ನಾನೂ ತೆರೆದು ನೋಡಿದೆ. ಆರು ವರ್ಷದ ಆರು ಗೆಲುವು ಅಲ್ಲಿದ್ದವು, ಒಂದೊಂದಕ್ಕೂ ಹತ್ತು ನಿಮಿಷ ಅಂಟಿಕೊಂಡೇ ಇತ್ತು. ಎಲ್ಲದರ ಮೇಲೆ ತಲೆಬರಹ: ಮಹಿಳೆಯರ ಮೋಜಿನ ಓಟ. ಪಂದ್ಯ ಅಲ್ಲವಂತೆ, ಮೋಜು. ಪಕ್ಕದಲ್ಲಿ ಬಣ್ಣದ ಚೌಕದಲ್ಲಿ, ಈ ರಸ್ತೆಯಲ್ಲಿ ನಲವತ್ತು ನಿಮಿಷದೊಳಗೆ ಓಡಿದ ಮೊದಲ ಮಹಿಳೆ ಎಂದು ಈಗಿನ ಒಬ್ಬ ಹುಡುಗಿಯ ಚಿತ್ರ. ಮೂವತ್ತೊಂಬತ್ತು ನಿಮಿಷ ಚಿಲ್ಲರೆ. ಅವಳ ಮೇಲೆ ನನಗೆ ಕೋಪ ಇಲ್ಲ. ಪಾಪ, ಚೆನ್ನಾಗಿ ಓಡಿದ್ದಾಳೆ.

ಮತ್ತೆ ವೇಲಚೇರಿ. ಈ ಸಲ ಪಿನ್ನುಗಳನ್ನೆಲ್ಲ ಮನೆಯಲ್ಲೇ ಬಿಚ್ಚಿಟ್ಟು ಹೋದೆ. ನಿಖಿಲ್ ಕಾಫಿ ತರಿಸಿದ, ಕುರ್ಚಿ ಎಳೆದು ಕೊಟ್ಟ. ಅವನ ಮೇಲೆ ಸಿಟ್ಟು ಮಾಡಲು ಒಂದು ಕಾರಣ ಸಿಕ್ಕಿದ್ದರೂ ನನಗೆ ಸಮಾಧಾನವಾಗುತ್ತಿತ್ತು. ನಾನು ಹತ್ತು ನಿಮಿಷದ ಕಟ್ಟಳೆ ವಿವರಿಸಿದೆ. ಅವನು ಪೂರ್ತಿ ಕೇಳಿಸಿಕೊಂಡ. ಆಮೇಲೆ ನನ್ನದೇ ನೋಟ್ ಬುಕ್ಕು ತಂದು, ಆ ಪುಟ ತೆಗೆದು ನನ್ನ ಮುಂದೆ ಇಟ್ಟ.

“ಇಲ್ಲಿ ಎಲ್ಲಾದ್ರೂ ಇದ್ಯಾ ಆಂಟಿ?”

“ಇಲ್ಲ.”

“ಬೇರೆ ವರ್ಷದ್ದರಲ್ಲಿ?”

“ಯಾವುದರಲ್ಲೂ ಇಲ್ಲ. ಎಲ್ಲರಿಗೂ ಗೊತ್ತಿತ್ತಪ್ಪ, ಅದಕ್ಕೇ ಬರೆಯಲಿಲ್ಲ.”

“ಸರ್ಟಿಫಿಕೇಟ್‌ನಲ್ಲಿ?”

“ಅದರಲ್ಲಿ ಎಷ್ಟನೆಯವರು ಅಂತ ಮಾತ್ರ ಬರೀತಿದ್ವಿ.”

“ಹಾಗಾದ್ರೆ ಆಗ ಓಡಿದೋರು ಯಾರಾದ್ರೂ ಹೇಳ್ಲಿ ಆಂಟಿ, ಹಾಕ್ಬಿಡ್ತೀನಿ. ನನಗೂ ಖುಷಿನೇ.”

ಜೊತೆಗೆ ಓಡಿದ ಹೆಂಗಸರು ಮದುವೆಯಾಗಿ ಎಲ್ಲೆಲ್ಲಿಗೋ ಹೋಗಿದ್ದರು, ಒಬ್ಬರ ನಂಬರೂ ನನ್ನ ಹತ್ತಿರ ಇರಲಿಲ್ಲ. ಮೆಸ್ ಟೀಮಿನ ಸಂಪತ್ತು ಇನ್ನೂ ತ್ರಿಪ್ಲಿಕೇನಿನಲ್ಲೇ ಇದ್ದಾರೆ. ನಾಲ್ಕು ಸಲ ಕಪ್ಪು ಎತ್ತಿದವರು. ಅಲ್ಲೇ ಕೂತು ಫೋನು ಮಾಡಿ, ಎಲ್ಲರಿಗೂ ಕೇಳುವ ಹಾಗೆ ಮೇಜಿನ ಮೇಲಿಟ್ಟೆ. ಹಳೆಯ ಸಂತೋಷವೆಲ್ಲ ಮಾತಾಡಿದರು. ದೊರೈ ಸಾರ್ ಹೆಂಗಸರನ್ನು ಎಷ್ಟು ಹೊತ್ತು ತಡೆದು ಬಿಡುತ್ತಿದ್ದರು ಎಂದು ಕೇಳಿದೆ.

“ತಡೆಯುತ್ತಿದ್ದರಾ? ಹೌದು ಹೌದು, ಏನೋ ಇತ್ತು” ಅಂದರು. “ಐದು ನಿಮಿಷ ಇರಬೇಕಮ್ಮ.”

“ಹತ್ತು ಸಾರ್. ನೆನಪು ಮಾಡಿಕೊಳ್ಳಿ.”

“ಅಮ್ಮಾ, ನಾನು ಮುಂದೆ ಓಡುತ್ತಿದ್ದವನು. ಹಿಂದೆ ತಿರುಗಿ ನೋಡಿದವನಲ್ಲ. ಹೆಂಗಸರೂ ಓಡಿದ್ದಾರೆ ಅನ್ನುವುದೇ ನನಗೆ ಬಹುಮಾನ ಕೊಡುವಾಗ ಗೊತ್ತಾಗುತ್ತಿತ್ತು” ಎಂದು ಜೋರಾಗಿ ನಕ್ಕರು.

ನಿಖಿಲ್ ನಗಲಿಲ್ಲ, ಅದಕ್ಕೆ ಅವನನ್ನು ಮೆಚ್ಚಬೇಕು. ಕಾಗದದ ಮೇಲೆ ಎರಡು ಅಂಕಿ ಬರೆದ. “ಐದು ಅಂದ್ರೆ ನಲವತ್ಮೂರು. ಹತ್ತು ಅಂದ್ರೆ ಮೂವತ್ತೆಂಟು. ಯಾವ್ದು ಹಾಕ್ಲಿ ಹೇಳಿ?”

“ಹತ್ತು. ನಾನು ಹೇಳ್ತಿದ್ದೀನಲ್ಲ, ಬರೆದವಳು ನಾನೇ ಅಲ್ವಾ.”

ಅವನು ಪೆನ್ನಿನ ತುದಿಯಿಂದ ಕೆನ್ನೆ ಕೆರೆದುಕೊಂಡ. “ಆಂಟಿ, ಬೇಜಾರು ಮಾಡ್ಕೋಬೇಡಿ. ಮಾದೇವಿ ಆಂಟಿ ನಿಮ್ಮ ಫ್ರೆಂಡ್ ಅಂತ ನೀವೇ ಆರ್ಟಿಕಲ್‌ನಲ್ಲಿ ಬರೆದಿದ್ದೀರಿ. ಕಮಿಟಿಯಲ್ಲಿ ಕೇಳ್ತಾರೆ. ನೋಡಿ, ಇಷ್ಟು ಕ್ಲಿಯರ್ ಆಗಿ ನೀವೇ ಬರೆದಿದ್ದು ಬಿಟ್ಟು, ನೀವೇ ಈಗ ಬಾಯಲ್ಲಿ ಹೇಳಿದ್ದು ಹೇಗೆ ಹಾಕೋದು?”

ನ್ಯಾಯವಾದ ಮಾತು. ನಾನು ಮೂವತ್ತು ವರ್ಷದಿಂದ ವಿಮಾ ಕಚೇರಿಯಲ್ಲಿ ಕೂತು ಜನರಿಗೆ ಹೇಳುತ್ತಿರುವುದೂ ಇದನ್ನೇ. ಗಂಡ ಸತ್ತವಳು ಬಂದು, ಅವರ ವಯಸ್ಸು ತಪ್ಪಾಗಿ ಬರೆದಿದ್ದಾರೆ ಮೇಡಂ ಎಂದು ಅತ್ತರೆ, ಬರೆದದ್ದು ಇರುವುದೇ ಹಾಗಮ್ಮ ಎಂದು ಫಾರಂ ತಿರುಗಿಸಿ ತೋರಿಸುತ್ತೇನೆ. ಅವರು ಎದ್ದುಹೋಗುವಾಗ ಅವರ ಮುಖ ಹೇಗಿರುತ್ತದೆ ಎಂದು ನಾನು ನೋಡಿದ್ದೇ ಇಲ್ಲ. ಮುಂದಿನವರನ್ನು ಕರೆಯುತ್ತಿರುತ್ತೇನೆ. ಆ ದಿನ ಗಾಜಿನ ಕಟ್ಟಡದಿಂದ ಇಳಿದು ಬರುವಾಗ ಲಿಫ್ಟಿನ ಕನ್ನಡಿಯಲ್ಲಿ ನೋಡಿದೆ.

ಸಂಚಿಕೆ ಅಚ್ಚಾಯಿತು. ಹೊಳಪಿನ ಕಾಗದ. ನನ್ನ ಹೆಸರಿನ ಮುಂದೆ ಬಿ.ಕಾಂ. ಎಂದು ಮರೆಯದೆ ಹಾಕಿದ್ದರು. ಮಾದೇವಿಯನ್ನು ಕುರಿತ ಪ್ಯಾರಾ ಉಳಿದಿತ್ತು, ಆದರೆ ‘ಎಲ್ಲರಿಗಿಂತ ವೇಗದವಳು’ ಎಂದು ನಾನು ಬರೆದಿದ್ದ ಕಡೆ ‘ಉತ್ಸಾಹದಿಂದ ಭಾಗವಹಿಸಿದವಳು’ ಎಂದಾಗಿತ್ತು. ಹಿಂದಿನ ಪಟ್ಟಿಯಲ್ಲಿ ಅದೇ ನಲವತ್ತೆಂಟು ಹನ್ನೆರಡು. ಅಪ್ಪ ಇದ್ದಿದ್ದರೆ ಮಗಳ ಹೆಸರಿನ ಮೇಲೆ ಬೆರಳಾಡಿಸಿ ನೋಡಿ ಹಿಗ್ಗುತ್ತಿದ್ದರು. ಅಕ್ಷರ ಬಾರದವರಿಗೆ ಆ ಒಂದು ಸುಖ ಇದೆ.

ಭಾನುವಾರ ಮಧ್ಯಾಹ್ನ ಆ ಪುಸ್ತಕ ತೆಗೆದುಕೊಂಡು ಮಾಧವರಂಗೆ ಹೊರಟೆ. ಬಸ್ಸಿನಲ್ಲಿ ಉದ್ದಕ್ಕೂ ಮಾತು ಜೋಡಿಸಿಕೊಂಡೆ. ತಪ್ಪು ಮಾಡಿದವಳು ನಾನು, ನಿಮ್ಮ ಅಜ್ಜಿ ಮೂವತ್ತೆಂಟು ನಿಮಿಷದಲ್ಲಿ ಓಡಿದಳು, ನಾನು ಹತ್ತು ಕಳೆಯಲಿಲ್ಲ ಎಂದು ಆ ಮಗುವಿನ ಎದುರಿಗೇ ಹೇಳಬೇಕು. ಕಾಗದ ತೆಗೆದುಕೊಂಡು ಅವಳ ಕೈಯಲ್ಲೇ ಕಳೆಯಿಸಬೇಕು. ಊರು ನಂಬದಿದ್ದರೆ ಹೋಗಲಿ, ಆ ಒಂದು ಮನೆಯಲ್ಲಿ ಸರಿಯಾದರೆ ಸಾಕು.

ಮಾದೇವಿ ಬಾಗಿಲಲ್ಲೇ ಕೂತಿದ್ದಳು. ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ನನ್ನ ಕೈಯಲ್ಲಿದ್ದ ಪುಸ್ತಕ ನೋಡಿದಳು. ಸರಿ ಮಾಡಿದರಾ ಎಂದು ಕೇಳಲಿಲ್ಲ. ನನ್ನ ಮುಖ ನೋಡಿದ್ದೇ ಸಾಕಾಯಿತು. ಒಳಗಿನಿಂದ ನಿವೇದಿತಾ ಓಡಿ ಬಂದು ಪುಸ್ತಕ ಕಿತ್ತುಕೊಂಡು ಹಿಂದಿನ ಪಟ್ಟಿ ಹುಡುಕತೊಡಗಿದಳು.

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಮಾದೇವಿ ಮೊಮ್ಮಗಳ ಕಡೆ ತಿರುಗಿ, “ನಾ ಹೇಳುದ್ರೆ ನಂಬ್ನಿಲ್ಲ ಅಲ್ವಾ ನೀನು? ತಗಾ, ಬರ್ದೋಳೇ ಬಂದವ್ಳೆ, ಇವ್ಳ್ನೇ ಕೇಳು” ಅಂದಳು. ಆಮೇಲೆ ನನ್ನ ಕಡೆ. “ಹೇಳು ಪುಷ್ಪ. ನಮ್ ಡೈರಿ ಕ್ಲಬ್ಬಾಗೆ ಇನ್ನೊಬ್ಳು ಮಾದೇವಿ ಇದ್ಲಾ ಇಲ್ವಾ? ಕಪ್ಪುಗೆ, ದಪ್ಪುಗೆ. ಆ ನಲ್ವತ್ತೆಂಟು ಅವ್ಳ್ದು ತಾನೆ?”

ಇನ್ನೊಬ್ಬಳು ಮಾದೇವಿ ಇರಲಿಲ್ಲ. ನಾನು ಅವಳನ್ನು ನೋಡಿದೆ. ಅವಳು ಎಣ್ಣೆಯ ಕೈಯನ್ನು ಮೊಣಕಾಲಿನ ಮೇಲೆ ಒತ್ತಿ ಹಿಡಿದು, ರೆಪ್ಪೆ ಬಡಿಯದೆ ನನ್ನನ್ನೇ ನೋಡುತ್ತಿದ್ದಳು. ಅವಳು ಇದನ್ನು ನಿನ್ನೆ ಮೊನ್ನೆ ಯೋಚಿಸಿದ್ದಲ್ಲ, ಫೋನಿನಲ್ಲಿ ನನ್ನ ದನಿ ಕೇಳಿದ ದಿನವೇ ತೀರ್ಮಾನ ಮಾಡಿಕೊಂಡಿದ್ದಾಳೆ ಅನ್ನಿಸಿತು. ಜೋಡಿಸಿಕೊಂಡು ಬಂದ ಮಾತು ಹೇಳಬಹುದಿತ್ತು. ಹೇಳಿದರೆ, ಗೆಳತಿಗಾಗಿ ಒಬ್ಬ ಮುದುಕಿ ಹತ್ತು ನಿಮಿಷ ಕಳೆದುಕೊಟ್ಟಳು ಎಂದಾಗುತ್ತಿತ್ತು. ಆ ಲೆಕ್ಕವನ್ನು ದೊಡ್ಡವರೇ ಒಪ್ಪಿರಲಿಲ್ಲ.

“ಇದ್ದಳು” ಅಂದೆ. “ದಪ್ಪಗೆ ಇದ್ದಳು. ಓಡೋಕೆ ಆಗ್ತಿರಲಿಲ್ಲ ಅವಳಿಗೆ.”

ನಿವೇದಿತಾ ನಮ್ಮಿಬ್ಬರ ಮುಖವನ್ನೂ ಸರದಿಯಲ್ಲಿ ನೋಡಿದಳು. ಮಕ್ಕಳು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಪಟ್ಟಿಯ ಮೇಲೆ ಬೆರಳಿಟ್ಟು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಇಳಿಸಿ ಹತ್ತಿಸಿದಳು.

“ಅಪ್ಪೊ ಎಂಗ ಪಾಟ್ಟಿ ಟೈಮು ಎಂಗೇ?” ಅಂದಳು. ಹಾಗಾದರೆ ನಮ್ಮ ಅಜ್ಜಿಯದು ಎಲ್ಲಿ?

“ಅದು ಬರೆದಿಲ್ಲ ಮಗೂ” ಅಂದೆ. “ಬರೆದುಕೊಳ್ಳಬೇಕಾದವಳು ನಾನು. ಬರೆದುಕೊಳ್ಳಲಿಲ್ಲ.”

ಮಗು ಪುಸ್ತಕ ಮುಚ್ಚಿ ನನ್ನ ಮಡಿಲಲ್ಲಿಟ್ಟು ಆಡಲು ಹೋಯಿತು. ಮಾದೇವಿ ಇನ್ನೊಂದು ಮೊಣಕಾಲು ಚಾಚಿ ಎಣ್ಣೆ ಸುರಿದುಕೊಂಡಳು. “ಕಾಫಿ ಕುಡ್ಕಂಡ್ ಹೋಗು” ಅಂದಳು, ಏಳಲಿಲ್ಲ.